ತೀನ್ ಮೂರ್ತಿಯ ಸವಾರರು ಮತ್ತು ಮ್ಯಾಕ್ಸಿಂ ಬಂದೂಕು



ದೆಹಲಿಯಲ್ಲಿ ನೆಲೆಸಿರುವ ನಾವು ತೀನ್ ಮೂರ್ತಿ ವೃತ್ತವನ್ನು ಎಷ್ಟು ಸಲ ಹಾದುಹೋಗಿದ್ದೇವೆಯೋ ಲೆಕ್ಕವಿಲ್ಲ. 1922ರಲ್ಲಿ ಸ್ಥಾಪಿತವಾದ ಆ ಮೂರು ಕಂಚಿನ ಪ್ರತಿಮೆಗಳು ಜೋಧಪುರ, ಹೈದರಾಬಾದ್ ಮತ್ತು ಮೈಸೂರು ಸಂಸ್ಥಾನಗಳ ಅಶ್ವದಳಗಳ ಪ್ರತೀಕ. 2018ರಲ್ಲಿ ವೃತ್ತದ ಹೆಸರಿಗೆ ‘ಹೈಫಾ’ ಸೇರಿದ ಮೇಲೆ, 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಆ ಬಂದರಿನಲ್ಲಿ ನಡೆದ ಕದನದ ಕಥೆ ಭಾಷಣಗಳಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಭರ್ಜಿ ಹಿಡಿದ ನಮ್ಮವರು ತುರ್ಕರ ಮಷಿನ್‌ಗನ್‌ಗಳನ್ನು ಬರಿಯ ಎದೆಗಾರಿಕೆಯಿಂದ ಗೆದ್ದರೆಂಬುದು ಅದರ ಸಾರ. ನನ್ನ ತಕರಾರಿರುವುದು ಈ ‘ಬರಿಯ’ ಎಂಬ ಮಾತಿನ ಬಗ್ಗೆ. ಅದನ್ನು ವಿವರಿಸಲು ಮೊದಲು ಆ ಬಂದೂಕಿನ ಪರಿಚಯವಾಗಬೇಕು.

ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹೈರಂ ಮ್ಯಾಕ್ಸಿಂ (ಆತನೂ ಹೊರನಾಡಿಗನೇ ಅನ್ನಿ) 1884ರಲ್ಲಿ ಇದನ್ನು ರೂಪಿಸಿದ. ಗುಂಡು ಹಾರಿದಾಗ ಬಂದೂಕು ಹಿಂದಕ್ಕೆ ಒದೆಯುತ್ತದಷ್ಟೆ. ಆ ಒದೆತದ ಬಲವನ್ನೇ ಆತ ದುಡಿಸಿಕೊಂಡ. ಖಾಲಿ ತೋಟಾ ಹೊರಬೀಳುವುದು, ಹೊಸತು ಒಳಸೇರುವುದು, ಮತ್ತೆ ಸಿಡಿಯುವುದು ಎಲ್ಲವೂ ತಾನಾಗಿಯೇ, ನಿಮಿಷಕ್ಕೆ ಸುಮಾರು 600 ಗುಂಡುಗಳಂತೆ. ನಳಿಕೆ ಕಾದು ಕೆಡದಿರಲೆಂದು ಅದರ ಸುತ್ತ ನೀರು ತುಂಬಿದ ಕವಚ. ಬಿಡುವಿಲ್ಲದೆ ಹಾರಿಸಿದರೆ ಕೆಲವೇ ನಿಮಿಷಗಳಲ್ಲಿ ಆ ನೀರು ಕುದಿಯುತ್ತಿತ್ತು.

ಈ ಒಂದೇ ಮೂಲದಿಂದ ಹಲವು ಕವಲುಗಳು ಒಡೆದವು. ರಷ್ಯನ್ನರು 1910ರ ಮಾದರಿಗೆ ಗಾಲಿ, ಗುರಾಣಿ ಜೋಡಿಸಿದರು. ಜರ್ಮನರ 1908ರ ಮಾದರಿ ಭಾರವಾದ ಉಕ್ಕಿನ ಪೀಠದ ಮೇಲೆ ಕುಳಿತದ್ದು. ಒಮ್ಮೆ ಹೂಡಿದರೆ ಅಲುಗದು, ಆದರೆ ಬೇರೆಡೆಗೆ ಎಳೆದೊಯ್ಯಲು ಹಲವರು ಬೇಕು. ಅದನ್ನೇ ಹಗುರಗೊಳಿಸಿ, ಹೆಗಲಿಗಾನಿಸುವ ಹಿಡಿ ಹಚ್ಚಿ, ದಾಳಿಯಲ್ಲಿ ಹೊತ್ತೊಯ್ಯಲೆಂದು ಅವರು ಇನ್ನೊಂದು ಮಾದರಿ ತಯಾರಿಸಿದರು. ಅದೂ ಸುಮಾರು 18 ಕಿಲೋ! ಬ್ರಿಟಿಷರು 1912ರಲ್ಲಿ ಸ್ವೀಕರಿಸಿದ ವಿಕರ್ಸ್ ಇದೇ ಯಂತ್ರದ ಸುಧಾರಿತ ರೂಪ. ಬಿಚ್ಚಿ ಹೇರಿದರೆ ಕುದುರೆಯೂ ಹೇಸರಗತ್ತೆಯೂ ಹೊರಬಲ್ಲಷ್ಟು ಹಗುರ. ಈ ಕೊನೆಯ ಗುಣವನ್ನು ದಯವಿಟ್ಟು ನೆನಪಿಡಬೇಕು.

ಯುದ್ಧಭೂಮಿಯಲ್ಲಿ ಇದರ ನಿಜವಾದ ಶಕ್ತಿ ಎದುರಿನಿಂದ ಸುಡುವುದರಲ್ಲಿಲ್ಲ, ಪಕ್ಕದಿಂದ ಸುಡುವುದರಲ್ಲಿದೆ. ಸಾಲಾಗಿ ಬರುವ ಪಡೆಯನ್ನು ಉದ್ದಕ್ಕೂ ಕೊಯ್ದುಬಿಡುತ್ತದೆ. 1916ರ ಜುಲೈ 1ರಂದು ಸೋಮ್ ಕದನದಲ್ಲಿ ಬ್ರಿಟಿಷ್ ಪಡೆಯ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 57,000ಕ್ಕೂ ಹೆಚ್ಚು. ಫಿರಂಗಿಗಳ ಜೊತೆಗೆ ಜರ್ಮನ್ ಮ್ಯಾಕ್ಸಿಂಗಳಿಗೂ ಅದರಲ್ಲಿ ದೊಡ್ಡ ಪಾಲಿತ್ತು. ಅಲ್ಲಿ ಎದೆಗಾರಿಕೆಗೆ ಕೊರತೆಯಿತ್ತೆಂದು ಯಾರು ಹೇಳಿಯಾರು?

ಹಾಗಾದರೆ ಹೈಫಾದಲ್ಲಿ ನಡೆದುದೇನು? ಊರಿನ ದಾರಿಗೆ ಒಂದು ಮಗ್ಗುಲಲ್ಲಿ ಕಾರ್ಮೆಲ್ ಬೆಟ್ಟ, ಇನ್ನೊಂದು ಮಗ್ಗುಲಲ್ಲಿ ಕಾಲು ಹೂತುಹೋಗುವ ಕಿಶೋನ್ ನದಿ. ಬೆಟ್ಟದ ಮೇಲೆ ಫಿರಂಗಿಗಳು, ಅದರ ಇಳಿಜಾರಿನಲ್ಲಿ ಮಷಿನ್‌ಗನ್‌ಗಳು. ಜೋಧಪುರದ ಸವಾರರು ಮೇಜರ್ ದಲಪತ್ ಸಿಂಗರ ಮುಂದಾಳತ್ವದಲ್ಲಿ ದಾರಿ ಹಿಡಿದು ನುಗ್ಗುವ ಮೊದಲೇ, ಮೈಸೂರು ಲ್ಯಾನ್ಸರ್ಸ್‌ನ ಒಂದು ತುಕಡಿ ತನ್ನೊಂದಿಗೆ ಮಷಿನ್‌ಗನ್‌ಗಳನ್ನು ಒಯ್ದು ಬೆಟ್ಟವನ್ನು ಹತ್ತತೊಡಗಿತ್ತು. ಹೌದು, ನಮ್ಮವರ ಬಳಿಯೂ ಮಷಿನ್‌ಗನ್‌ಗಳಿದ್ದವು! ಕೆಳಗಿನ ಧಾವೆಗೂ ಅವು ಗುಂಡಿನ ಆಸರೆ ಕೊಟ್ಟವು. ಕಡಿದಾದ ಏರಿನಲ್ಲಿ ಕುದುರೆಗಳು ಬಳಲಿದವು. ಮೇಲಿನ ಫಿರಂಗಿಗಳತ್ತ ಕೊನೆಗೆ ಭರ್ಜಿ ಹಿಡಿದು ಧಾವಿಸಿದವರು ಬೆರಳೆಣಿಕೆಯ ಸವಾರರು. ನೆಲೆ ಬದಲಿಸಲಾಗದ ಬಂದೂಕನ್ನು, ಕುದುರೆಯ ಬೆನ್ನೇರಿ ಬಂದ ಬಂದೂಕೂ ವೇಗವೂ ಕೂಡಿ ಸೋಲಿಸಿದವು.

ಇದನ್ನು ಹೇಳಿದರೆ ಮೈಸೂರಿನವರ ಕೀರ್ತಿ ಕುಂದುತ್ತದೆಂದು ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. ನನಗೆ ಹಾಗೆನಿಸುವುದಿಲ್ಲ. ಕತ್ತಿಯ ಕಥೆಯಷ್ಟನ್ನೇ ಹೇಳಿದರೆ ಎಲ್ಲ ಕೀರ್ತಿ ರಸ್ತೆಯಲ್ಲಿ ಓಡಿದವರಿಗೆ ಸಲ್ಲುತ್ತದೆ; ಬೆಟ್ಟ ಹತ್ತಿದವರು ಕಥೆಯಿಂದಲೇ ಬಿದ್ದುಹೋಗುತ್ತಾರೆ. ಯಂತ್ರವನ್ನು ಎಲ್ಲಿ ಹೂಡಬೇಕೆಂದು ಅರಿತ ನಮ್ಮ ಸವಾರರನ್ನು ಭರ್ಜಿ ಬಿಟ್ಟರೆ ಬೇರೇನೂ ತಿಳಿಯದವರೆಂದು ಬಣ್ಣಿಸುವುದು ಯಾವ ಗೌರವ?

ಅಂದು ಸೆರೆಸಿಕ್ಕವರು ಸುಮಾರು 1,350 ಮಂದಿ. ನಮ್ಮ ಕಡೆ ಮಡಿದವರು 8, ಗಾಯಗೊಂಡವರು 34. ಮಡಿದವರಲ್ಲಿ ದಲಪತ್ ಸಿಂಗರೂ ಒಬ್ಬರು. ಭಾಷಣಕಾರರು ಬಿಟ್ಟುಬಿಡುವ ಲೆಕ್ಕ ಇನ್ನೊಂದಿದೆ: ಆ ದಿನ 60 ಕುದುರೆಗಳು ಸತ್ತವು.