ಭೀಮಾತೀರದ ಕೋಟೆಪಟ್ಟಣ

(ಜೇವರ್ಗಿ ಸೀಮೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಕರಾವಳಿಯ ಸೋದರರು ಮಿರ್ಜಾನ, ಬೇಕಲಗಳ ಕೋಟೆಗಳನ್ನು ತೋರಿಸಿ ಹೆಮ್ಮೆಪಡುವಾಗ ಆಳಂದ, ಅಫಜಲಪುರ, ಜೇವರ್ಗಿಗಳ ನಾವು ಸುಮ್ಮನಿರುತ್ತೇವೆ. ನಮಗೆ ಕಡಲಿಲ್ಲವೆಂಬುದು ನಿಜ. ತೀರವೇ ಇಲ್ಲವೆಂದು ಹೇಳಿದವರಾರು? ಆಳಂದದ ಸೀಮೆಯಲ್ಲಿ ಹುಟ್ಟಿದ ಅಮರ್ಜೆಯು ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುವದು. ಆ ಕೂಡಿದ ನೀರು ಜೇವರ್ಗಿಯತ್ತ ಹರಿದು ಬರುವಲ್ಲಿ, ಎಡದಂಡೆಯ ಮೇಲೆ, ಒಂದು ಹಾಳುಪಟ್ಟಣವಿರುವದು. ಅದೇ ಫಿರೋಜಾಬಾದ.

ಬಹಮನಿ ಸುಲ್ತಾನನಾದ ಫಿರೋಜಶಹನು (1397–1422) ಸುಮಾರು 1400ರಲ್ಲಿ ಇದನ್ನು ಕಟ್ಟಿಸಿದನು. ಮೂರು ದಿಕ್ಕಿಗೆ ಕಲ್ಲಿನ ಗೋಡೆ. ಪಡುವಲಿಗೆ ಭೀಮೆಯೇ ಗೋಡೆ. ಒಳಗೆ ಅರಮನೆಯ ಆವರಣ, ಹಮಾಮುಗಳು, ವಿಶಾಲವಾದ ಜಾಮಿಯಾ ಮಸೀದಿ. ಇಲ್ಲಿಯ ಬೀದಿಗಳನ್ನೂ ಅಂಗಡಿಗಳನ್ನೂ ಇತಿಹಾಸಕಾರ ಫೆರಿಶ್ತಾ ಹೊಗಳಿದ್ದಾನೆ. ಆದರೆ 1422ರಲ್ಲಿ ತಮ್ಮನಾದ ಅಹಮದಶಹನು ಪಟ್ಟವೇರಿದನು. ಕೆಲವೇ ವರುಷಗಳಲ್ಲಿ ರಾಜಧಾನಿಯು ಕಲಬುರ್ಗಿಯಿಂದ ಬೀದರಕ್ಕೆ ಹೋಯಿತು. ಅರಸನ ಇಚ್ಛೆಯಿಂದ ಹುಟ್ಟಿದ ಊರು ಅರಸನೊಡನೆಯೇ ಸೊರಗಿತು.

ಹಂಪೆಯ ಹಾಳು ಕಂಡು ನಾವು ಕಣ್ಣೀರಿಡುತ್ತೇವೆ. ಫಿರೋಜಾಬಾದದ ಹಾಳನ್ನು ಕಣ್ಣೆತ್ತಿಯೂ ನೋಡುವದಿಲ್ಲ. ಇದೇಕೆ? ಅದು ಪರರದೆಂಬ ಭಾವನೆಯೇ? ಆ ಗೋಡೆಗೆ ಕಲ್ಲು ಹೊತ್ತ ಕೈಗಳು ಯಾರವು? ಆ ಪೇಟೆಗೆ ಜೋಳ ತುಂಬಿದ ಬಂಡಿಗಳು ಯಾವ ಹೊಲಗಳಿಂದ ಬಂದಿರಬೇಕು? ಅಂದು ಒಂದರೊಡನೊಂದು ಕಾದಾಡಿದ ವಿಜಯನಗರ, ಬಹಮನಿ ಎಂಬೆರಡು ಗದ್ದುಗೆಗಳ ನೆಲವು ಇಂದು ಒಂದೇ ನಾಡಿನೊಳಗಿದೆ. ಎರಡರ ಚರಿತ್ರೆಯೂ ನಮ್ಮ ಪಿತ್ರಾರ್ಜಿತವೇ.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ 1ರಂದು ನಾವು ಕನ್ನಡ ರಾಜ್ಯದಲ್ಲಿ ಒಂದಾದೆವು. ನಕಾಶೆಯಲ್ಲಿ ಗೆರೆ ಅಳಿಸಿದ ಮಾತ್ರಕ್ಕೆ ಏಕೀಕರಣವು ಮುಗಿಯಲಿಲ್ಲ. ನಾಡಿನ ನೆನಪಿನಲ್ಲಿ ನಮ್ಮ ಸೀಮೆಗೆ ತಕ್ಕ ಎಡೆ ಇನ್ನೂ ದೊರೆಯಬೇಕಾಗಿದೆ. ಅದನ್ನು ಕೇಳುವ ಮೊದಲು ನಾವೇ ನಮ್ಮ ಊರನ್ನು ಅರಿಯಬೇಕು.

ಆದುದರಿಂದ ಗುರುಗಳಲ್ಲಿ ನಮ್ಮ ಬಿನ್ನಹ: ವರುಷಕ್ಕೊಮ್ಮೆ ಮಕ್ಕಳನ್ನು ಆ ಗೋಡೆಗಳ ಬಳಿಗೆ ಕರೆದೊಯ್ಯಿರಿ. ರೈತ ಬಂಧುಗಳಲ್ಲಿ ಬಿನ್ನಹ: ಬಿದ್ದ ಕಲ್ಲನ್ನೂ ಅಲ್ಲಿಯೇ ಇರಗೊಡಿರಿ. ಆರುನೂರು ವರುಷ ಭೀಮೆಯ ಪ್ರವಾಹವನ್ನು ಸಹಿಸಿದ ಕೋಟೆಯು ನಮ್ಮ ಅಲಕ್ಷ್ಯದಿಂದ ಅಳಿಯಿತೆಂಬ ಅಪಕೀರ್ತಿ ನಮಗೆ ಬಾರದಿರಲಿ.