ಆ ಒಂದು ಪಿರಿಯಡ್ ಕೇಳಿ ಪಡೆಯಿರಿ

ಕೋಲ್ಕತ್ತದ ಸಿಯಾಲ್ದಾ ರೈಲು ನಿಲ್ದಾಣದ ಸನಿಹದಲ್ಲಿ ಲೊರೆಟೊ ಕನ್ಯಾಸ್ತ್ರೀಯರು ನಡೆಸುವ ಹೆಣ್ಣುಮಕ್ಕಳ ಶಾಲೆಯೊಂದಿದೆ. 1985ರಲ್ಲಿ ಅಲ್ಲಿ ಒಂದು ವಿಚಿತ್ರ ತರಗತಿ ಶುರುವಾಯಿತು. ಕಲಿಯಲು ಬಂದವರು ಪ್ಲಾಟ್‌ಫಾರಂ, ಫುಟ್‌ಪಾತುಗಳಲ್ಲಿ ಮಲಗೇಳುತ್ತಿದ್ದ ಮಕ್ಕಳು. ಹೊತ್ತಿಗೆ ಸರಿಯಾಗಿ ಬರಬೇಕೆಂಬ ಕಟ್ಟಳೆಯಿಲ್ಲ, ಪುರುಸೊತ್ತಾದಾಗ ಬಂದರಾಯಿತು. ಪಾಠ ಹೇಳುತ್ತಿದ್ದವರು ಯಾರು ಗೊತ್ತೆ? ಅದೇ ಶಾಲೆಯ ಐದರಿಂದ ಹತ್ತನೇ ತರಗತಿಯವರೆಗಿನ ವಿದ್ಯಾರ್ಥಿನಿಯರು. ಬೀದಿಯಿಂದ ಬಂದ ಹುಡುಗಿ ಒಬ್ಬಳು, ಎದುರಿಗೆ ಸಮವಸ್ತ್ರದ ಹುಡುಗಿ ಇನ್ನೊಬ್ಬಳು. ನಡುವೆ ಒಂದು ಪುಸ್ತಕ. ಇದಕ್ಕೆ ರೇನ್‌ಬೋ ಶಾಲೆ ಎಂದು ಹೆಸರಾಯಿತು.

ಇದನ್ನು ಶುರು ಮಾಡಿದವರು ಸಿಸ್ಟರ್ ಸಿರಿಲ್ ಮೂನಿ. ಐರ್ಲೆಂಡಿನಲ್ಲಿ ಹುಟ್ಟಿ 1956ರಲ್ಲಿ ಭಾರತಕ್ಕೆ ಬಂದವರು, ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು, 1979ರಲ್ಲಿ ಆ ಶಾಲೆಯ ಪ್ರಾಂಶುಪಾಲರಾದವರು. ಅಲ್ಲಿಂದ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಶಾಲೆಯ ಸುಮಾರು 1,400 ಮಕ್ಕಳಲ್ಲಿ ಅರ್ಧದಷ್ಟು ಮಂದಿ ಶುಲ್ಕ ಕಟ್ಟದವರಾಗಿದ್ದರು. ಅವರಿಗೆ ಬೇರೆ ವಿಭಾಗವಿರಲಿಲ್ಲ, ಸಂಜೆ ಪಾಳಿ ಇರಲಿಲ್ಲ. ಅದೇ ಬೆಂಚು, ಅದೇ ಟೀಚರು, ಅದೇ ಪರೀಕ್ಷೆ. ರೇನ್‌ಬೋ ಮಕ್ಕಳು ಓದುಬರಹ ಹಿಡಿದ ಮೇಲೆ ವಯಸ್ಸಿಗೆ ತಕ್ಕ ತರಗತಿಗೆ ಸೇರುತ್ತಿದ್ದರು. ರಾತ್ರಿ ಹೋಗಲು ಮನೆಯಿಲ್ಲದ ಹುಡುಗಿಯರಿಗೆ ಶಾಲೆಯೇ ಮನೆಯಾಯಿತು, ಅದೇ ರೇನ್‌ಬೋ ಹೋಮ್. ಸಿಸ್ಟರ್‌ಗೆ 2007ರಲ್ಲಿ ಪದ್ಮಶ್ರೀ ಬಂತು. 2023ರಲ್ಲಿ ಅವರು ತೀರಿಕೊಂಡರು. ಅವರು ಬಿತ್ತಿದ ರೇನ್‌ಬೋ ಹೋಮ್ ನಮ್ಮ ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಿಗೆ ಹಬ್ಬಿದೆ.

ಹೈಸ್ಕೂಲಿನ, ಪಿಯುಸಿಯ ಗೆಳೆಯ ಗೆಳತಿಯರೇ, ನಾನು ಇದನ್ನೆಲ್ಲ ಹೇಳುತ್ತಿರುವುದು ಒಬ್ಬ ಸಿಸ್ಟರ್ ದೊಡ್ಡವರು ಎಂದು ಕೈಮುಗಿದು ಸುಮ್ಮನಾಗಲಿಕ್ಕಲ್ಲ. ಒಬ್ಬ ಪ್ರಾಂಶುಪಾಲರು ಗೇಟು ತೆರೆಸಬಹುದು. ಒಳಗೆ ಬಂದವಳನ್ನು ಪಕ್ಕದಲ್ಲಿ ಕೂರಿಸಿಕೊಂಡವರು ನಿಮ್ಮ ವಯಸ್ಸಿನವರು, ನಿಮಗಿಂತ ಚಿಕ್ಕವರು. ಹನ್ನೊಂದು ಹನ್ನೆರಡು ವರ್ಷದ ಆ ಹುಡುಗಿಯರು ಕೈಕೊಟ್ಟಿದ್ದರೆ ರೇನ್‌ಬೋ ಶಾಲೆ ಒಂದು ವಾರವೂ ನಡೆಯುತ್ತಿರಲಿಲ್ಲ.

ಈಗ ನಮ್ಮ ಕಡೆಗೆ ಬನ್ನಿ. ಕಾನ್ವೆಂಟುಗಳಲ್ಲಿ ದಾನಧರ್ಮಕ್ಕೇನೂ ಕೊರತೆಯಿಲ್ಲ. ತಪಸ್ಸುಕಾಲ ಬಂತೆಂದರೆ ತರಗತಿಗೊಂದು ಕಾಣಿಕೆ ಡಬ್ಬಿ. ಕ್ರಿಸ್ಮಸ್‌ಗೆ ವೃದ್ಧಾಶ್ರಮಕ್ಕೆ ಹೋಗಿ ಹಾಡು, ಕೇಕು, ಗ್ರೂಪ್ ಫೋಟೊ. ಪ್ರವಾಹ ಬಂದರೆ ಅಕ್ಕಿ, ಹೊದಿಕೆ. ಇವು ಬೇಡವೆನ್ನುವಷ್ಟು ನಾನು ಸಿನಿಕನಲ್ಲ. ಹಸಿದವರಿಗೆ ಅಕ್ಕಿ ಬೇಕೇ ಬೇಕು. ಆದರೆ ಡಬ್ಬಿಗೆ ಬಿದ್ದ ದುಡ್ಡು ಹೆಚ್ಚಾಗಿ ಅಪ್ಪನದು. ನಿಮ್ಮದು ಅಂತ ಕೊಡಲು ನಿಮ್ಮ ಬಳಿ ಇರುವುದು ಹೊತ್ತು, ಕಲಿತ ವಿದ್ಯೆ, ಪಕ್ಕದ ಜಾಗ. ಆ ಮೂರಕ್ಕೂ ಯಾವ ಡಬ್ಬಿಯೂ ಇಲ್ಲ.

ಎಂಟನೇ ತರಗತಿಗೆ ಕನ್ನಡ ಮಾಧ್ಯಮದಿಂದ ಬಂದು ಸೇರುವ ಹುಡುಗನನ್ನು ನೀವೆಲ್ಲ ನೋಡಿದ್ದೀರಿ. ಜೂನ್ ತಿಂಗಳು, ಮಳೆ, ಹೊಸ ಬ್ಯಾಗು. ಇಂಗ್ಲಿಷ್ ಪಾಠ ಗಟ್ಟಿಯಾಗಿ ಓದುವ ಸರದಿ ಅವನಿಗೆ ಬರುತ್ತದೆ. ‘ವೆಡ್ನೆಸ್‌ಡೇ’ ಎಂದು ಕಾಗುಣಿತ ಇದ್ದ ಹಾಗೇ ಓದಿಬಿಡುತ್ತಾನೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ಒಂದು ನಗು. ಮಧ್ಯಾಹ್ನದ ಹೊತ್ತಿಗೆ ಅದೇ ಅವನ ಅಡ್ಡಹೆಸರು. ಕೆಲವು ಶಾಲೆಗಳಲ್ಲಿ ಆವರಣದೊಳಗೆ ಕನ್ನಡ ಮಾತಾಡಿದ್ದಕ್ಕೆ ದಂಡ ಬೇರೆ. ಆ ಹುಡುಗ ಡಿಸೆಂಬರ್ ಹೊತ್ತಿಗೆ ಬಾಯಿಯನ್ನೇ ಮುಚ್ಚಿಕೊಂಡಿರುತ್ತಾನೆ. ಟೀಚರು ‘ಡಲ್’ ಎಂದು ಷರಾ ಬರೆಯುತ್ತಾರೆ. ಬೆಳಗಿನ ಅಸೆಂಬ್ಲಿಯಲ್ಲಿ ಪ್ರಾರ್ಥನೆ ಮಾತ್ರ ಒಂದು ದಿನವೂ ತಪ್ಪಿರುವುದಿಲ್ಲ.

ಯಾವ ಸರ್ಕ್ಯುಲರ್ ಹೊರಡಿಸಿಯೂ ಆ ನಗುವನ್ನು ನಿಲ್ಲಿಸಲಾಗದು. ಹೆಡ್‌ಮಿಸ್ಟ್ರೆಸ್ ಕಾರಿಡಾರಿನಲ್ಲಿ ಬಂದರೆ ಎಲ್ಲರೂ ಸಂತರೇ. ನಗು ನಿಲ್ಲುವುದು ಎರಡನೇ ಬೆಂಚಿನ ಒಬ್ಬನು ಹಿಂದೆ ತಿರುಗಿ ನೋಡಿದಾಗ, ಮಧ್ಯಾಹ್ನ ತನ್ನ ಡಬ್ಬಿ ಹಿಡಿದು ಹೊಸಬನ ಪಕ್ಕ ಹೋಗಿ ಕುಳಿತಾಗ. ಅಷ್ಟಕ್ಕೂ ಧೈರ್ಯ ಬೇಕು. ನಾಳೆ ನಿಮ್ಮನ್ನೂ ವಾಟ್ಸಾಪ್ ಗುಂಪಿನಿಂದ ತೆಗೆದಾರು. ತೆಗೆಯಲಿ ಬಿಡಿ.

ಸಿಯಾಲ್ದಾದ ಹುಡುಗಿಯರು ಇನ್ನೂ ಕಷ್ಟದ ಕೆಲಸಕ್ಕೆ ಇಳಿದರು. ಮನೆಗೆಲಸಕ್ಕೆ ಇಟ್ಟುಕೊಂಡ ಪುಟ್ಟ ಹುಡುಗಿಯರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಅವರು ಮನೆಯೊಳಗೆ, ಬಾಗಿಲ ಹಿಂದೆ ಇರುತ್ತಾರೆ. ಶಾಲೆಯ ಮಕ್ಕಳೇ ತಮ್ಮ ತಮ್ಮ ಬಡಾವಣೆಗಳಲ್ಲಿ ಅಂಥವರನ್ನು ಹುಡುಕಿ, ಮಾತಾಡಿಸಿ, ಅವರ ಗೆಳೆತನ ಸಂಪಾದಿಸುವ ಕಾರ್ಯಕ್ರಮ ಅಲ್ಲಿ ನಡೆಯಿತು. ದೊಡ್ಡವರು ಕಾಲಿಡಲಾಗದ ಕಡೆ ಓರಗೆಯ ಹುಡುಗಿ ಸಲೀಸಾಗಿ ಹೋಗಬಲ್ಲಳು. ವಾರಕ್ಕೊಮ್ಮೆ ಬಸ್ಸು ಹತ್ತಿ ಹಳ್ಳಿ ಶಾಲೆಗಳಿಗೆ ಹೋಗಿ ಪಾಠ ಹೇಳಿಕೊಟ್ಟು ಬಂದವರೂ ಅವರೇ. ಇದಾವುದೂ ಪಠ್ಯೇತರ ಚಟುವಟಿಕೆಯ ಸರ್ಟಿಫಿಕೇಟಿಗಾಗಿ ನಡೆದದ್ದಲ್ಲ. ಕಾರ್ಯಾನುಭವ ಎಂಬ ಪಿರಿಯಡ್ ಟೈಮ್‌ಟೇಬಲಿನಲ್ಲಿ ಮೊದಲೇ ಇತ್ತಲ್ಲ, ಅದನ್ನೇ ಸಿಸ್ಟರ್ ಹೀಗೆ ಬಳಸಿಕೊಂಡರು. ಜಾಣತನ ಇರುವುದು ಇಲ್ಲಿ. ಗಣಿತದ ಪಿರಿಯಡ್ ಕಸಿದಿದ್ದರೆ ತಂದೆತಾಯಿ ಗೇಟಿನ ಮುಂದೆ ನಿಲ್ಲುತ್ತಿದ್ದರು. ಹೊಲಿಗೆಯ ಕರವಸ್ತ್ರಕ್ಕೂ ರಟ್ಟಿನ ಪೆನ್ ಸ್ಟ್ಯಾಂಡಿಗೂ ಹೋಗುವ ಪಿರಿಯಡ್ಡಿಗೆ ಯಾರು ಜಗಳವಾಡುತ್ತಾರೆ?

‘ಮಾರ್ಕ್ಸ್ ಏನಾಗಬೇಕು’ ಎಂದು ಮನೆಯಲ್ಲಿ ಕೇಳಿಯೇ ಕೇಳುತ್ತಾರೆ. ಕೇಳಲಿ, ಅದು ತಪ್ಪಲ್ಲ. ಆದರೆ ಭಿನ್ನರಾಶಿಯನ್ನು ಒಬ್ಬ ಪುಟ್ಟ ಹುಡುಗನಿಗೆ ಅರ್ಥಮಾಡಿಸಲು ಒಮ್ಮೆ ಕುಳಿತು ನೋಡಿ. ನಿಮಗೆ ಗೊತ್ತಿದೆ ಅಂದುಕೊಂಡಿದ್ದರಲ್ಲಿ ಎಷ್ಟು ಗೊತ್ತಿಲ್ಲ ಎಂಬುದು ಹತ್ತೇ ನಿಮಿಷದಲ್ಲಿ ಬಯಲಾಗುತ್ತದೆ. ಹೇಳಿಕೊಡುವವನು ಎರಡು ಸಲ ಕಲಿಯುತ್ತಾನೆ. ಟ್ಯೂಷನ್ನಿಗೆ ಸಾವಿರಗಟ್ಟಲೆ ಸುರಿಯುವವರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾದದ್ದು. ಖಾಸಗಿ ಶಾಲೆಗಳು ಕಾಲುಭಾಗ ಸೀಟುಗಳನ್ನು ಬಡ ಮಕ್ಕಳಿಗೆ ಕೊಡಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿತು. ತಮ್ಮ ಸಂಸ್ಥೆಗಳನ್ನು ತಾವೇ ನಡೆಸಿಕೊಳ್ಳುವ ಹಕ್ಕು ಸಂವಿಧಾನದ 30ನೇ ವಿಧಿಯಲ್ಲೇ ಇದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾನೂನು ಕೇಳದೇ ಇದ್ದಾಗ ಶುಭಸಂದೇಶ ಕೇಳುತ್ತದೆ. ಮತ್ತಾಯನ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕೊನೆಯ ತೀರ್ಪಿಗೆ ಇಟ್ಟ ಪ್ರಶ್ನೆಗಳು ಹಸಿದವರು, ಬಟ್ಟೆಯಿಲ್ಲದವರು, ರೋಗಿಗಳು, ಸೆರೆಯಲ್ಲಿರುವವರ ಬಗ್ಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಶೇಕಡಾ ನೂರು ಬಂತೇ ಎಂಬುದು ಆ ಪಟ್ಟಿಯಲ್ಲಿಲ್ಲ. ಗೇಟಿನ ಮೇಲೆ ಸಂತರ ಹೆಸರು ಬರೆಸಿದ ಶಾಲೆಗೆ ಕಾಲುಭಾಗದ ವಿನಾಯಿತಿ ನೆಮ್ಮದಿ ಕೊಡಬಾರದು, ನಿದ್ದೆ ಕೆಡಿಸಬೇಕು. ಯಾವ ಕಾಯ್ದೆಯೂ ಇಲ್ಲದ ಕಾಲದಲ್ಲಿ ಸಿಯಾಲ್ದಾ ಅರ್ಧಭಾಗ ಕೊಟ್ಟಿತ್ತು.

ನಿಮ್ಮ ತರಗತಿಯಲ್ಲಿ ಕ್ರೈಸ್ತರಿಗಿಂತ ಇತರರೇ ಹೆಚ್ಚಿರಬಹುದು. ನಮ್ಮ ನಾಡಿನ ಬಹಳಷ್ಟು ಕಥೊಲಿಕ ಶಾಲೆಗಳ ಕಥೆ ಅದೇ. ಒಳ್ಳೆಯದೇ ಆಯಿತು. ದಾರಿಯಲ್ಲಿ ಬಿದ್ದಿದ್ದವನನ್ನು ಎತ್ತಿ ಉಪಚರಿಸಿದವನ ಸಾಮತಿ ನಿಮಗೆಲ್ಲ ಗೊತ್ತು. ಎತ್ತಿದವನು ಸಮಾರಿಯದವನು, ಕಥೆ ಕೇಳುತ್ತಿದ್ದವರ ಪಂಗಡಕ್ಕೆ ಸೇರದವನು. ಹಾಗಾಗಿ ಹೊಸ ಹುಡುಗನ ಪಕ್ಕ ಕೂರಲು ಯಾರೂ ನಿಮ್ಮ ಜ್ಞಾನಸ್ನಾನದ ಪತ್ರ ಕೇಳುವುದಿಲ್ಲ.

ದೊಡ್ಡ ಯೋಜನೆ ಹಾಕಿಕೊಂಡು ಕೂರಬೇಡಿ. ಉದ್ಘಾಟನೆಗೆ ಅತಿಥಿಯನ್ನು ಹುಡುಕುವುದರಲ್ಲೇ ವರ್ಷ ಮುಗಿದುಹೋಗುತ್ತದೆ. ನಿಮ್ಮ ಶಾಲೆಯ ಆಸುಪಾಸಿನಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳಿವೆ, ಒಂದು ಸರ್ಕಾರಿ ಶಾಲೆಯಿದೆ, ಒಂದು ಅಂಗನವಾಡಿಯಿದೆ. ನಿಮ್ಮ ತರಗತಿಯಲ್ಲೇ ಓದು ಹಿಂದೆ ಬಿದ್ದ ನಾಲ್ವರಿದ್ದಾರೆ. ಐದು ಜನ ಸೇರಿ, ಒಬ್ಬ ಟೀಚರನ್ನು ಜೊತೆಗೆ ಎಳೆದುಕೊಳ್ಳಿ. ವೈಸಿಎಸ್‌ನಂಥ ಕ್ರೈಸ್ತ ವಿದ್ಯಾರ್ಥಿ ಸಂಘಟನೆ ಇದ್ದರೆ ಅದರ ಮೂಲಕವೇ ಹೋಗಿ, ಇಲ್ಲದಿದ್ದರೆ ಹಾಗೆಯೇ ಹೋಗಿ. ಪ್ರಿನ್ಸಿಪಾಲರ ಕೊಠಡಿಯ ಬಾಗಿಲು ತಟ್ಟಿ ಒಂದೇ ಒಂದನ್ನು ಕೇಳಿ: ವಾರಕ್ಕೊಂದು ಪಿರಿಯಡ್. ‘ಮುಂದಿನ ವರ್ಷ ನೋಡೋಣ’ ಎಂದರೆ ಮುಂದಿನ ವಾರವೇ ಮತ್ತೆ ಹೋಗಿ. ಕೊಡುವವರೆಗೂ ಕೇಳಿ.