ದಿನದ ಊಟದಲ್ಲಿ ಉಪ್ಪಿಗೂ ಇರಲಿ ಅಳತೆ



ತುಮಕೂರು ಜಿಲ್ಲೆಯ ರೈತರು ಅಳತೆ ಬಲ್ಲವರು. ಎಕರೆ ರಾಗಿಗೆ ಎಷ್ಟು ಬೀಜ, ಒಂದು ತೆಂಗಿನ ಮರಕ್ಕೆ ಎಷ್ಟು ಪೊಟ್ಯಾಷ್ ಎಂಬುದು ಅವರಿಗೆ ಬಾಯಿಪಾಠ. ಹಸು ಸಾಕಿದವರು ಪಶು ಆಹಾರವನ್ನು ಮನೆಯಲ್ಲೇ ತಯಾರಿಸುವಾಗ ನೂರು ಕಿಲೋ ಮಿಶ್ರಣಕ್ಕೆ ಒಂದು ಕಿಲೋ ಉಪ್ಪು, ಎರಡು ಕಿಲೋ ಖನಿಜ ಮಿಶ್ರಣ ಎಂದು ತೂಗಿ ಬೆರೆಸುತ್ತಾರೆ. ಆದರೆ ಅದೇ ಮನೆಯ ಅಡಿಗೆ ಕೋಣೆಯಲ್ಲಿ ಉಪ್ಪು ಬೀಳುವುದು ಕೈಯಂದಾಜಿನ ಮೇಲೆ. ಹಸುವಿಗೆ ತೂಗಿ ಕೊಡುವ ಪದಾರ್ಥವನ್ನು ಮನುಷ್ಯರಿಗೆ ಮಾತ್ರ ಏಕೆ ತೂಗಬಾರದು? ಇಂದಿನ ವಿಚಾರ ಇದೇ.

ಎಷ್ಟು ಬೇಕು, ಎಷ್ಟು ಸೇರುತ್ತಿದೆ?

ಅಡಿಗೆ ಉಪ್ಪಿನಲ್ಲಿ ನೂರಕ್ಕೆ ಸುಮಾರು 40 ಭಾಗ ಸೋಡಿಯಂ ಇರುತ್ತದೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಎಂದರೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಇದು ಮಟ್ಟಸ ಮಾಡಿದ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ. ಆದರೆ 2017-18ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರು ದಿನಕ್ಕೆ ಸರಾಸರಿ 8 ಗ್ರಾಂ ಉಪ್ಪು ತಿನ್ನುತ್ತಿದ್ದರು. ಗಂಡಸರಲ್ಲಿ ಇದು 9 ಗ್ರಾಂ ಸಮೀಪ, ಹೆಂಗಸರಲ್ಲಿ 7 ಗ್ರಾಂ.

ಹೆಚ್ಚಾದ ಸೋಡಿಯಂ ಮಾಡುವ ಕೆಲಸವನ್ನು ರೈತರಿಗೆ ವಿವರಿಸುವುದು ಕಷ್ಟವಲ್ಲ. ಕೆರೆ ಅಚ್ಚುಕಟ್ಟಿನ ತಗ್ಗಿನಲ್ಲಿ ಬಸಿಯುವಿಕೆ ಇಲ್ಲದೆ ಸೋಡಿಯಂ ಕೂಡಿಕೊಂಡರೆ ಭೂಮಿ ಕರಲಾಗುತ್ತದೆ. ದೇಹದಲ್ಲಿ ಬಸಿಗಾಲುವೆಯ ಕೆಲಸ ಮಾಡುವುದು ಮೂತ್ರಪಿಂಡಗಳು. ಅವು ಹೊರಹಾಕುವುದಕ್ಕಿಂತ ಹೆಚ್ಚು ಸೋಡಿಯಂ ಒಳಗೆ ಬಂದರೆ ಅದು ನೀರನ್ನು ಹಿಡಿದಿಡುತ್ತದೆ, ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೆಯೇ ಮುಂದುವರಿದರೆ ಹೃದಯ, ಮೂತ್ರಪಿಂಡ ಮತ್ತು ಮೆದುಳಿನ ರಕ್ತನಾಳಗಳಿಗೆ ಪೆಟ್ಟು ಬೀಳುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದಲ್ಲಿ ದೇಶದ ವಯಸ್ಕರಲ್ಲಿ ನೂರಕ್ಕೆ ಸುಮಾರು 35 ಮಂದಿಗೆ ರಕ್ತದ ಒತ್ತಡ ಇದ್ದುದು ಕಂಡುಬಂದಿತು. ಇದು ನೋವು ಕೊಡದ ಕಾಯಿಲೆ. ಎಷ್ಟೋ ಮಂದಿಗೆ ಗೊತ್ತಾಗುವುದೇ ಲಕ್ವ ಹೊಡೆದ ಮೇಲೆ. ದುಡಿಯುವ ಯಜಮಾನ ಹಾಸಿಗೆ ಹಿಡಿದರೆ ಆ ವರ್ಷದ ಬೇಸಾಯ ಕೆಡುತ್ತದೆ, ಆಸ್ಪತ್ರೆ ಖರ್ಚಿಗೆ ತೋಟದ ಮೇಲೆ ಸಾಲ ಏರುತ್ತದೆ.

ಉಪ್ಪು ಎಲ್ಲಿಂದ ಬರುತ್ತದೆ?

ಈ ಸೀಮೆಯ ಮುಖ್ಯ ಆಹಾರವಾದ ರಾಗಿಯಲ್ಲಿ ಸಹಜವಾಗಿ ಸೋಡಿಯಂ ಬಹಳ ಕಡಿಮೆ. ಸೋಡಿಯಂನ ಪ್ರಭಾವವನ್ನು ತಗ್ಗಿಸುವ ಪೊಟ್ಯಾಸಿಯಂ 100 ಗ್ರಾಂಗೆ ಸುಮಾರು 400 ಮಿಲಿಗ್ರಾಂ ಇದೆ. ಮುದ್ದೆಗೆ ಉಪ್ಪು ಹಾಕದೆ ತೊಳಸುವ ಮನೆಗಳೇ ಹೆಚ್ಚು. ಅಂದರೆ ಊಟದ ಅರ್ಧ ಭಾಗ ಮೊದಲೇ ಸರಿಯಾಗಿದೆ. ಉಪ್ಪು ಸೇರುವುದು ಮುದ್ದೆಯ ಪಕ್ಕದಲ್ಲಿ ಬರುವ ಪದಾರ್ಥಗಳಿಂದ.

ಕುಣಿಗಲ್ ಕಡೆಯ ಉಪ್ಪುಸಾರನ್ನೇ ನೋಡೋಣ. ಕಾಳು, ಸೊಪ್ಪು ಬೇಯಿಸುವ ನೀರಿಗೆ ಒಮ್ಮೆ ಉಪ್ಪು ಬೀಳುತ್ತದೆ. ಅರೆದ ಖಾರಕ್ಕೆ ಇನ್ನೊಮ್ಮೆ. ಬಸಿದ ಸೊಪ್ಪಿನ ಒಗ್ಗರಣೆಗೆ ಮತ್ತೊಮ್ಮೆ. ಬಸಿದ ನೀರನ್ನು ಚೆಲ್ಲದೆ ಉಣ್ಣುವುದು ಒಳ್ಳೆಯ ಪದ್ಧತಿ, ಅದರಲ್ಲಿ ಸತ್ವಾಂಶಗಳಿವೆ. ಆದರೆ ಅದಕ್ಕೆ ಹಾಕಿದ ಉಪ್ಪೂ ಪೂರ್ತಿಯಾಗಿ ಹೊಟ್ಟೆಗೇ ಸೇರುತ್ತದೆ.

ಗುಬ್ಬಿ ತಾಲ್ಲೂಕಿನ ತೋಟಗಳಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಆಳುಗಳಿಗೆ ಬುತ್ತಿಯ ಜೊತೆಗೆ ಉಪ್ಪಿನಕಾಯಿ, ಸಂಜೆ ಚಹಾದೊಂದಿಗೆ ಖಾರ, ಬನ್ನು ಹೋಗುತ್ತವೆ. ತುಮಕೂರು ಪಟ್ಟಣಕ್ಕೆ ಸಂತೆ, ಮಂಡಿ, ಕಛೇರಿ ಎಂದು ಬರುವವರ ತಿಂಡಿ ಹೋಟೆಲಿನಲ್ಲಿ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎಲ್ಲರಿಗೂ ಪ್ರಿಯ. ಅದರ ಹಿಟ್ಟಿಗೂ ಉಪ್ಪು, ಚಟ್ನಿಗೂ ಉಪ್ಪು, ಸಾಂಬಾರಿಗೂ ಉಪ್ಪು. ಬೋಂಡ, ವಡೆಗಳಿಗೆ ಅಡಿಗೆ ಸೋಡ ಸೇರಿದರೆ ಅದೂ ಸೋಡಿಯಂ ಲೆಕ್ಕಕ್ಕೇ ಬರುತ್ತದೆ. ಅಡಿಗೆ ಸೋಡದ ತೂಕದಲ್ಲಿ ನೂರಕ್ಕೆ 27 ಭಾಗ ಸೋಡಿಯಂ ಇದೆ. ಕಾಳು ಬೇಗ ಬೇಯಲೆಂದು ಮನೆಯಲ್ಲಿ ಸೋಡ ಹಾಕುವ ಅಭ್ಯಾಸವನ್ನೂ ಬಿಡಬೇಕು. ರಾತ್ರಿ ನೆನೆಹಾಕಿದ ಕಾಳಿಗೆ ಸೋಡ ಬೇಕಾಗುವುದಿಲ್ಲ.

ಪೊಟ್ಟಣದ ಲೆಕ್ಕ

ಮನೆಯ ಉಪ್ಪನ್ನು ಅಳೆಯಲು ತಕ್ಕಡಿ ಬೇಡ. ಐದು ಮಂದಿ ವಯಸ್ಕರ ಸಂಸಾರಕ್ಕೆ ದಿನದ ಮಿತಿ 25 ಗ್ರಾಂ. ಆ ಲೆಕ್ಕದಲ್ಲಿ ಒಂದು ಕಿಲೋ ಪೊಟ್ಟಣ 40 ದಿನ ಬರಬೇಕು. 25 ದಿನಕ್ಕೇ ಮುಗಿದರೆ ತಲೆಗೆ 8 ಗ್ರಾಂ ಬಿದ್ದಂತೆ. ಹೋಟೆಲು, ಬೇಕರಿ, ಅಂಗಡಿ ತಿನಿಸಿನ ಉಪ್ಪು ಇದಕ್ಕೆ ಹೊರಗಿನದು. ಆದ್ದರಿಂದ ಪೊಟ್ಟಣವನ್ನು 50 ದಿನಕ್ಕೆ ಎಳೆಯುವುದು ಕ್ಷೇಮ. ಮಕ್ಕಳಿರುವ ಮನೆಯಲ್ಲಿ ಇನ್ನೂ ಕಡಿಮೆ ಸಾಕು. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ದನಕರುಗಳಿಗೆ, ಉಪ್ಪಿನಕಾಯಿಗೆ ಬೇರೆ ಪೊಟ್ಟಣ ಇರಲಿ, ಲೆಕ್ಕ ಕೆಡುವುದಿಲ್ಲ.

ಅನುಸರಿಸಬೇಕಾದ ಕ್ರಮಗಳು

1. ಉಪ್ಪನ್ನು ಕೈಯಿಂದ ಹಾಕದೆ ಒಂದೇ ಚಮಚದಿಂದ ಮಟ್ಟಸವಾಗಿ ಅಳೆದು ಹಾಕಬೇಕು. ವಾರಕ್ಕೆ ಹತ್ತನೇ ಒಂದು ಭಾಗದಷ್ಟು ಇಳಿಸುತ್ತ ಬರಬೇಕು. ಕೆಲವು ವಾರಗಳಲ್ಲಿ ನಾಲಿಗೆ ಹೊಂದಿಕೊಳ್ಳುತ್ತದೆ. ಒಮ್ಮೆಲೇ ಇಳಿಸಿದರೆ ಊಟ ಸಪ್ಪೆಯೆಂದು ಮನೆಯವರು ಮತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಾರೆ.

2. ಉಪ್ಪುಸಾರಿಗೆ, ಬಸ್ಸಾರಿಗೆ ಒಂದೇ ಕಡೆ, ಕೊನೆಯಲ್ಲಿ ಉಪ್ಪು ಹಾಕಬೇಕು. ಖಾರಕ್ಕೆ ಉಪ್ಪು ಬೇಡ. ಹುಣಿಸೆ, ಬೆಳ್ಳುಳ್ಳಿ, ಜೀರಿಗೆ, ಮೆಣಸು ಸಾಕು. ನಿಂಬೆರಸ, ಕೊತ್ತಂಬರಿ, ದೊಡ್ಡಪತ್ರೆ, ತೋಟದ ಕಾಯಿತುರಿ ಇವೂ ರುಚಿ ಕೊಡುತ್ತವೆ.

3. ಎಲೆಯ ತುದಿಗೆ ಉಪ್ಪು ಬಡಿಸುವುದನ್ನು, ಅನ್ನ, ಮುದ್ದೆ, ರೊಟ್ಟಿಗೆ ಉಪ್ಪು ಬೆರೆಸುವುದನ್ನು ನಿಲ್ಲಿಸಬೇಕು.

4. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಹಬ್ಬಕ್ಕಿರಲಿ, ಪ್ರತಿ ಊಟಕ್ಕೆ ಬೇಡ. ಆಳುಗಳ ಬುತ್ತಿಗೆ ಬೇಯಿಸಿದ ಕಡಲೆ, ಬಾಳೆಹಣ್ಣು, ಹುರಿದ ಕಡಲೆಕಾಯಿ ಕಳುಹಿಸಬಹುದು.

5. ಅಂಗಡಿಯ ಪೊಟ್ಟಣಗಳ ಮೇಲೆ ಸೋಡಿಯಂ ಎಷ್ಟೆಂದು ಮಿಲಿಗ್ರಾಂನಲ್ಲಿ ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು.

ಕೆಲವು ಸಂದೇಹಗಳು

ಬಿಸಿಲಲ್ಲಿ ಬೆವರು ಸುರಿಸುವವರಿಗೆ ಹೆಚ್ಚು ಉಪ್ಪು ಬೇಡವೇ ಎಂದು ರೈತರು ಕೇಳುವುದುಂಟು. ಬೆವರಿನಲ್ಲಿ ಉಪ್ಪು ಹೋಗುವುದು ನಿಜ. ಆದರೆ ದಿನಕ್ಕೆ 8 ಗ್ರಾಂ ತಿನ್ನುವ ಮನೆಯಲ್ಲಿ ಆ ನಷ್ಟಕ್ಕೆಂದು ಇನ್ನಷ್ಟು ಸುರಿಯಬೇಕಾಗಿಲ್ಲ. ಕಡುಬಿಸಿಲಿನ ಕೆಲಸದ ದಿನ ನೀರು ಮಜ್ಜಿಗೆಗೆ ಒಂದು ಚಿಟಿಕೆ ಹಾಕಿಕೊಂಡರೆ ಸಾಕು. ವಾಂತಿ, ಭೇದಿಯಾದಾಗ ಮಾತ್ರ ಮಾತು ಬೇರೆ, ಆಗ ಓ.ಆರ್.ಎಸ್. ದ್ರಾವಣವನ್ನು ತಪ್ಪದೆ ಕೊಡಬೇಕು.

ಕಲ್ಲುಪ್ಪು, ಸೈಂಧವ ಲವಣ ಒಳ್ಳೆಯದೆಂಬ ನಂಬಿಕೆಯೂ ಇದೆ. ಇವುಗಳಲ್ಲಿಯೂ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ ಇದೆ. ಅಯೋಡಿನ್ ಮಾತ್ರ ಅನೇಕ ವೇಳೆ ಇರುವುದಿಲ್ಲ. ಅಯೋಡಿನ್ ಸೇರಿಸಿದ ಉಪ್ಪನ್ನೇ ಕೊಂಡು ಅದನ್ನು ಮಿತವಾಗಿ ಬಳಸುವುದು ಸರಿಯಾದ ದಾರಿ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಮಂದಿಯ ಮೇಲೆ ಐದು ವರ್ಷಗಳ ಸಮೀಪ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಇಂಥ ಉಪ್ಪು ಬಳಸಿದವರಲ್ಲಿ ಲಕ್ವದ ಪ್ರಮಾಣ ನೂರಕ್ಕೆ 14ರಷ್ಟು ಕಡಿಮೆಯಾಗಿತ್ತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದರ ಬಳಕೆಗೆ ಸಲಹೆ ನೀಡಿತು. ಆದರೆ ಆ ಸಲಹೆ ಮಕ್ಕಳಿಗೆ, ಗರ್ಭಿಣಿಯರಿಗೆ ಮತ್ತು ಮೂತ್ರಪಿಂಡದ ತೊಂದರೆ ಇರುವವರಿಗೆ ಅನ್ವಯಿಸುವುದಿಲ್ಲ. ಮೂತ್ರಪಿಂಡ ಕೆಟ್ಟವರಿಗೆ ಪೊಟ್ಯಾಸಿಯಂ ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು. ಉಪ್ಪು ಕಡಿಮೆ ಮಾಡಿದೆವೆಂದು ರಕ್ತದ ಒತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ರೈತರು ಬಲ್ಲರು. ಹೆಚ್ಚು ಉಪ್ಪು ತಿಂದವನು ಮಾತ್ರೆಯನ್ನೂ ನುಂಗಬೇಕಾಗಬಹುದು. ಮೂವತ್ತು ದಾಟಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆಯಾದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡ ನೋಡಿಸಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಮಹಿಳಾ ಸಂಘಗಳ ಸಭೆಗಳಲ್ಲಿ ಪೊಟ್ಟಣದ ಲೆಕ್ಕವನ್ನು ಮಾಡಿ ತೋರಿಸಬೇಕು. ಇದಕ್ಕೆ ಖರ್ಚಿಲ್ಲ, ಸಾಲ ಬೇಕಿಲ್ಲ, ಮಳೆಗೆ ಕಾಯಬೇಕಿಲ್ಲ. ಮುಂದಿನ ಉಪ್ಪಿನ ಪೊಟ್ಟಣ ಒಡೆಯುವ ದಿನವೇ ಪ್ರಾರಂಭಿಸಬಹುದು.